ಮನೆಯ ಎಸ್ಪ್ರೆಸೊ ಯಂತ್ರದ ಸುಣ್ಣ ಮತ್ತು ಎಣ್ಣೆಜಿಡ್ಡು ತೆಗೆಯುವ ಕ್ರಮ: ಹಂತಹಂತದ ಮಾರ್ಗದರ್ಶಿ

ಡಿಸ್ಕೇಲಿಂಗ್, ಅಂದರೆ ಸುಣ್ಣ ತೆಗೆಯುವ ಕೆಲಸ, ಮಾಡಿದರೂ ಕಾಫಿಯ ಕಮಟು ವಾಸನೆ ಹೋಗಲಿಲ್ಲ ಎನ್ನುವವರು ಒಂದು ಕಡೆ. ಡಿಸ್ಕೇಲಿಂಗ್ ಮಾಡುವ ತನಕ ಚೆನ್ನಾಗಿಯೇ ಇದ್ದ ಯಂತ್ರ ಆಮೇಲೆ ನೀರನ್ನೇ ಬಿಡುತ್ತಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಸಾಮಾನ್ಯವಾಗಿ ಒಳ್ಳೆಯ ಶುಚಿಗೊಳಿಸುವ ಪುಡಿಯನ್ನೇ ಬಳಸಿರುತ್ತಾರೆ, ಯಂತ್ರದ ಕೈಪಿಡಿಯನ್ನೂ ತಕ್ಕಮಟ್ಟಿಗೆ ಓದಿರುತ್ತಾರೆ. ಅವರು ಎಡವುವುದು ಎರಡೇ ಕಡೆ: ಯಾವ ಕೊಳೆಗೆ ಯಾವ ದ್ರಾವಣ ಎಂಬಲ್ಲಿ, ಮತ್ತು ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂಬಲ್ಲಿ. ಈ ಬರಹ ಆ ಎರಡನ್ನೇ ಹಿಡಿದು ಸಾಗುತ್ತದೆ.

ಕೊಳೆ ಎರಡು ಬಗೆ, ದ್ರಾವಣವೂ ಎರಡು ಬಗೆ

ಯಂತ್ರದ ಒಳಗನ್ನು ನೀರಿನ ಭಾಗ ಮತ್ತು ಕಾಫಿಯ ಭಾಗ ಎಂದು ಎರಡಾಗಿ ನೋಡಬೇಕು. ಟ್ಯಾಂಕ್, ಪಂಪ್, ನೀರು ಕಾಯಿಸುವ ಬಾಯ್ಲರ್ ಅಥವಾ ಥರ್ಮೋಬ್ಲಾಕ್ (ನೀರು ಹರಿಯುತ್ತಲೇ ಕಾಯುವ ಲೋಹದ ತುಂಡು), ಇವುಗಳನ್ನು ಜೋಡಿಸುವ ಕೊಳವೆಗಳು ನೀರಿನ ಭಾಗ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಗೀಸರಿನ ಕಾಯಿಲ್ ಬಿಚ್ಚಿದಾಗ ಕಾಣುವ ಬಿಳಿ ಪದರ ಇದೇ. ಬಿಸಿ ಹೆಚ್ಚಾದಷ್ಟೂ ಈ ಕ್ರಿಯೆಯೂ ಹೆಚ್ಚಾಗುವುದರಿಂದ, 90ರಿಂದ 96 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಫಿ ಇಳಿಸುವ ದಾರಿಗಿಂತ 120 ಡಿಗ್ರಿ ದಾಟುವ ಆವಿಯ ದಾರಿಯಲ್ಲಿ ಸುಣ್ಣ ಬೇಗ ಕಟ್ಟುತ್ತದೆ.

ಬಿಸಿನೀರನ್ನು ಪುಡಿಯ ಮೇಲೆ ಹರಡಿ ಬಿಡುವ ಜರಡಿಯಾದ ಶವರ್ ಸ್ಕ್ರೀನ್, ಅದರ ಸುತ್ತಲಿನ ರಬ್ಬರ್ ಸೀಲಾದ ಗ್ಯಾಸ್ಕೆಟ್, ಪುಡಿ ಹಾಕುವ ಬಾಸ್ಕೆಟ್, ಅದನ್ನು ಹಿಡಿದಿಡುವ ಹಿಡಿಕೆಯುಳ್ಳ ಪೋರ್ಟಾಫಿಲ್ಟರಿನ ಮೂತಿ ಇವು ಕಾಫಿಯ ಭಾಗ. ಇಲ್ಲಿ ಕಟ್ಟುವುದು ಬೀಜದ ಎಣ್ಣೆ ಮತ್ತು ನುಣ್ಣನೆಯ ಪುಡಿ. ಎಣ್ಣೆ ದಿನಗಳೆದಂತೆ ಕಮಟಾಗಿ ಮುಂದಿನ ಪ್ರತಿ ಲೋಟಕ್ಕೂ ತನ್ನ ವಾಸನೆ ಸೇರಿಸುತ್ತದೆ.

ಸುಣ್ಣ ಕರಗುವುದು ಆಮ್ಲದಲ್ಲಿ, ಎಣ್ಣೆ ಬಿಡುವುದು ಕ್ಷಾರದಲ್ಲಿ. ಸಿಟ್ರಿಕ್ ಆಮ್ಲವನ್ನು ಎಷ್ಟು ಹರಿಸಿದರೂ ಶವರ್ ಸ್ಕ್ರೀನಿನ ಹಿಂದಿನ ಕಪ್ಪು ಜಿಡ್ಡು ಅಲುಗುವುದಿಲ್ಲ. ಎಣ್ಣೆ ತೆಗೆಯುವ ಪುಡಿಯಿಂದ ಬಾಯ್ಲರಿನ ಸುಣ್ಣ ಕರಗುವುದೂ ಇಲ್ಲ. ಎರಡನ್ನೂ ಬೆರೆಸಿದರೆ ಒಂದನ್ನೊಂದು ನಿಷ್ಫಲಗೊಳಿಸಿ, ನೊರೆಯೆದ್ದು, ಎರಡೂ ಕೆಲಸ ಕೆಡುತ್ತವೆ.

ಆದ್ದರಿಂದ ಕ್ರಮ ಹೀಗೆ: ಮೊದಲು ಕಾಫಿಯ ಭಾಗವನ್ನು ಕ್ಷಾರದಿಂದ ತೊಳೆದು, ಶವರ್ ಸ್ಕ್ರೀನನ್ನು ಬಿಚ್ಚಿಟ್ಟು, ಆಮೇಲೆ ನೀರಿನ ಭಾಗಕ್ಕೆ ಆಮ್ಲ ಹರಿಸಿ, ಚೆನ್ನಾಗಿ ತೊಳೆದು, ಕೊನೆಗೆ ಮರುಜೋಡಿಸಿ ಬರಿಯ ನೀರಿನಿಂದ ಬ್ಯಾಕ್‌ಫ್ಲಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವ ಕೆಲಸ) ಮಾಡುವುದು. ಸ್ಕ್ರೀನ್ ಇದ್ದಂತೆಯೇ ಆಮ್ಲ ಹರಿಸಿದರೆ ಸಡಿಲಗೊಂಡ ಸುಣ್ಣದ ಚಕ್ಕೆಗಳು ಅದರ ಹಿಂದೆ ಸಿಕ್ಕಿಕೊಳ್ಳುತ್ತವೆ. ಡಿಸ್ಕೇಲಿಂಗ್ ಆದ ಮರುದಿನ ನೀರು ಸಣ್ಣಗಾಗುವುದಕ್ಕೆ ಇದು ಬಹು ಸಾಮಾನ್ಯ ಕಾರಣ.

ಬೇಕಾಗುವ ಸಾಮಾನು

ಎಣ್ಣೆ ತೆಗೆಯಲು ಕಾಫೀಜಾ ಅಥವಾ ಪುಲಿ ಕಾಫ್‌ನಂತಹ ಎಸ್ಪ್ರೆಸೊ ಯಂತ್ರದ ಕ್ಲೀನರ್ ಬೇಕು. ಪಾತ್ರೆ ತೊಳೆಯುವ ದ್ರವವನ್ನು ಯಂತ್ರದೊಳಗೆ ಹರಿಸಬಾರದು. ಅದರ ನೊರೆಯೂ ಸುವಾಸನೆಯೂ ಸುಲಭವಾಗಿ ಬಿಡುವುದಿಲ್ಲ.

ಸುಣ್ಣಕ್ಕೆ ತಯಾರಕರೇ ಮಾರುವ ಡಿಸ್ಕೇಲರ್ ಅತ್ಯಂತ ಸುರಕ್ಷಿತ. ಡೆಲಾಂಗಿಯ ದ್ರವ ಲ್ಯಾಕ್ಟಿಕ್ ಆಮ್ಲದ್ದು. ಅದು ಸಿಗದಿದ್ದರೆ ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂಬ ಹೆಸರಿನಲ್ಲಿ ಸಿಗುವ, ಆಹಾರಕ್ಕೆ ಬಳಸುವ ದರ್ಜೆಯ ಸಿಟ್ರಿಕ್ ಆಮ್ಲ ಸಾಕಾಗುತ್ತದೆ. ನಿಂಬೆಹಣ್ಣನ್ನೇ ಹಿಂಡಿ ಹಾಕುವ ಸಲಹೆಯನ್ನು ದಯವಿಟ್ಟು ಮರೆಯಿರಿ. ಅದರಲ್ಲಿ ಆಮ್ಲದ ಜೊತೆಗೆ ಸಕ್ಕರೆಯೂ ನಾರೂ ಇರುತ್ತವೆ. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹುಳಿಗೂ ಇದೇ ಮಾತು. ವಿನೆಗರ್ ಸುಣ್ಣವನ್ನು ಕರಗಿಸುತ್ತದೆಯಾದರೂ ನಿಧಾನ, ವಾಸನೆ ಹಲವು ದಿನ ಉಳಿಯುತ್ತದೆ, ರಬ್ಬರ್ ಸೀಲುಗಳಿಗೂ ಒಳ್ಳೆಯದಲ್ಲ. ಬಚ್ಚಲು ತೊಳೆಯುವ ಆ್ಯಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದರ ಒಂದು ಹನಿಯೂ ಯಂತ್ರದ ಹತ್ತಿರ ಬರಬಾರದು, ಏಕೆಂದರೆ ಅದು ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಗುಳಿ ಬೀಳಿಸುತ್ತದೆ. ಯಾವುದೇ ಆಮ್ಲವನ್ನು ಬ್ಲೀಚಿನೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಉಳಿದಂತೆ ಗ್ರೂಪ್ ಹೆಡ್ (ಪೋರ್ಟಾಫಿಲ್ಟರ್ ಲಾಕ್ ಆಗುವ, ಬಿಸಿನೀರು ಇಳಿಯುವ ಭಾಗ) ಉಜ್ಜಲು ಗಟ್ಟಿ ನೈಲಾನ್ ಬ್ರಷ್, ನಿಮ್ಮ ಯಂತ್ರದ ತಿರುಪಿಗೆ ಹೊಂದುವ ಸ್ಕ್ರೂಡ್ರೈವರ್ ಅಥವಾ ಅಲೆನ್ ಕೀ, ಒಂದು ಲೀಟರಿನ ಜಗ್, ಗ್ರಾಂ ತೋರಿಸುವ ತಕ್ಕಡಿ, ಪಿಎಚ್ ಕಾಗದ, ಸಣ್ಣ ಪಿನ್ನು, ಎರಡು ಹಳೆಯ ಬಟ್ಟೆ. ಬ್ಯಾಕ್‌ಫ್ಲಶ್‌ಗೆ ಒಪ್ಪುವ ಯಂತ್ರವಾದರೆ ಬ್ಲೈಂಡ್ ಬಾಸ್ಕೆಟ್, ಅಂದರೆ ತೂತಿಲ್ಲದ ಬಾಸ್ಕೆಟ್, ಅಥವಾ ಯಂತ್ರದೊಂದಿಗೆ ಬಂದ ರಬ್ಬರ್ ಬಿಲ್ಲೆ ಬೇಕು.

ಹಂತ 1: ನಿಮ್ಮ ಯಂತ್ರ ಯಾವ ಬಗೆಯದೆಂದು ಗುರುತಿಸಿ

ಮೊದಲ ಪ್ರಶ್ನೆ, ಯಂತ್ರದಲ್ಲಿ ಮೂರು ದಾರಿಯ ಸೊಲಿನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಇದೆಯೇ? ಕಾಫಿ ಇಳಿಸಿ ಸ್ವಿಚ್ ಆರಿಸಿದ ತಕ್ಷಣ ಪುಸ್ ಎಂಬ ಸದ್ದು ಬಂದು, ಉಳಿದ ಒತ್ತಡದ ನೀರು ಪ್ರತ್ಯೇಕ ಕೊಳವೆಯಿಂದ ಡ್ರಿಪ್ ಟ್ರೇಗೆ ಬಿದ್ದರೆ ಇದೆ ಎಂದರ್ಥ. ಗಾಜಿಯಾ ಕ್ಲಾಸಿಕ್ ಮತ್ತು ರಾಂಚಿಲಿಯೊ ಸಿಲ್ವಿಯಾ ಈ ಬಗೆಯವು. ಡೆಲಾಂಗಿ ಡೆಡಿಕಾದಂತಹ ಯಂತ್ರಗಳಲ್ಲಿ ಈ ವಾಲ್ವ್ ಇಲ್ಲ. ವಾಲ್ವ್ ಇಲ್ಲದ ಯಂತ್ರಕ್ಕೆ ಬ್ಲೈಂಡ್ ಬಾಸ್ಕೆಟ್ ಹಾಕಿ ಪಂಪ್ ಓಡಿಸಿದರೆ ಒತ್ತಡ ಹೊರಹೋಗಲು ದಾರಿಯಿರುವುದಿಲ್ಲ. ಪೋರ್ಟಾಫಿಲ್ಟರ್ ಬಿಚ್ಚುವಾಗ ಬಿಸಿನೀರು ಮುಖಕ್ಕೆ ಸಿಡಿಯಬಹುದು. ಅಂತಹ ಯಂತ್ರದವರು ನಾಲ್ಕನೆಯ ಹಂತವನ್ನು ಬಿಟ್ಟುಬಿಡಬೇಕು.

ಎರಡನೆಯ ಪ್ರಶ್ನೆ, ನೀರು ಕಾಯುವ ಭಾಗದ ಲೋಹ ಯಾವುದು? ಸಿಲ್ವಿಯಾದ ಬಾಯ್ಲರ್ ಹಿತ್ತಾಳೆಯದು. ಗಾಜಿಯಾ ಕ್ಲಾಸಿಕ್‌ನ ಹಲವು ಆವೃತ್ತಿಗಳದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ಆದರೆ ದ್ರಾವಣ ತೆಳುವಾಗಿರಬೇಕು, ಒಳಗೆ ನಿಲ್ಲುವ ಸಮಯ ಕಡಿಮೆಯಿರಬೇಕು.

ಎರಡು ಬಾಯ್ಲರಿನ ಅಥವಾ ಹೀಟ್ ಎಕ್ಸ್‌ಚೇಂಜರ್ (ಆವಿಯ ಬಾಯ್ಲರಿನೊಳಗೆ ಹಾದುಹೋಗುವ ಕೊಳವೆಯಲ್ಲಿ ಕಾಫಿಯ ನೀರು ಕಾಯುವ ವ್ಯವಸ್ಥೆ) ಇರುವ ದುಬಾರಿ ಯಂತ್ರ ನಿಮ್ಮಲ್ಲಿದ್ದರೆ, ತಯಾರಕರು ಮನೆಯಲ್ಲೇ ಡಿಸ್ಕೇಲಿಂಗ್ ಮಾಡಲು ಸ್ಪಷ್ಟವಾಗಿ ಹೇಳಿಲ್ಲದ ಹೊರತು ಕೈಹಾಕಬೇಡಿ. ಆವಿಯ ಬಾಯ್ಲರಿಗೆ ಹೋದ ಆಮ್ಲವನ್ನು ಪೂರ್ತಿ ಹೊರತೆಗೆಯುವುದು ಅಂತಹ ಯಂತ್ರಗಳಲ್ಲಿ ಸುಲಭವಲ್ಲ. ಅವುಗಳಿಗೆ ಸರಿಯಾದ ನೀರು ಹಾಕುವುದೇ ನಿಜವಾದ ಉಪಾಯ.

ಹಂತ 2: ನೀರನ್ನು ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಉಳಿದ ಎಲ್ಲ ಹಂತಗಳನ್ನು ಎಷ್ಟು ಸಲ ಮಾಡಬೇಕೆಂದು ನಿರ್ಧರಿಸುವುದೂ ಇದೇ. ಕುಡಿಯುವ ನೀರಿಗೆ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರ ತನಕ ಅವಕಾಶವಿದೆ. ಅಂದರೆ ಕುಡಿಯಲು ಯೋಗ್ಯವಾದ ನೀರೇ ಯಂತ್ರವನ್ನು ಕೆಲವೇ ತಿಂಗಳಲ್ಲಿ ಸುಣ್ಣದಿಂದ ತುಂಬಬಲ್ಲದು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ ಕೊಳವೆಬಾವಿ ಅಥವಾ ಟ್ಯಾಂಕರ್ ನೀರಿನ ಮನೆಗೂ ಇರುವ ಅಂತರವನ್ನು ಚಹಾ ಕಾಯಿಸುವ ಕೆಟಲ್‌ನ ತಳವೇ ತೋರಿಸುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಎರಡೂ ನೀರು ಒಂದೇ ಸಂಪಿನಲ್ಲಿ ಬೆರೆಯುವುದರಿಂದ ಬೇಸಿಗೆಯ ಅಳತೆಯೂ ಮಳೆಗಾಲದ ಅಳತೆಯೂ ಬೇರೆಯಾಗಬಹುದು.

ಅಳೆಯಲು ಟಿಡಿಎಸ್ ಮೀಟರ್ ಸಾಕೆಂದು ತಿಳಿಯುವುದು ತಪ್ಪು. ಅದು ನೀರಿನ ವಿದ್ಯುತ್ ವಾಹಕತೆಯಿಂದ ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ಅಂದಾಜಿಸುತ್ತದೆಯೇ ಹೊರತು ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಹೇಳುವುದಿಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಹನಿ ಎಣಿಸುವ ಜಿಎಚ್ (ಒಟ್ಟು ಗಡಸುತನ) ಮತ್ತು ಕೆಎಚ್ (ಕಾರ್ಬೊನೇಟ್ ಗಡಸುತನ) ಕಿಟ್‌ಗಳು ಇದಕ್ಕಿಂತ ಉಪಯುಕ್ತ. ಅವುಗಳಲ್ಲಿ ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ.

ಹಾಗೆಂದು ಆರ್‌ಒ ನೀರನ್ನು ನೇರವಾಗಿ ಸುರಿಯುವುದೂ ಸರಿಯಲ್ಲ. ಖನಿಜವೇ ಇಲ್ಲದ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ, ಅದು ಲೋಹವನ್ನು ನಿಧಾನವಾಗಿ ಸವೆಸಲೂಬಹುದು. ನೀರಿನ ಮಟ್ಟವನ್ನು ವಿದ್ಯುತ್ ವಾಹಕತೆಯಿಂದ ಗುರುತಿಸುವ ಬಾಯ್ಲರುಗಳಿಗಂತೂ ನೀರು ಇರುವುದೇ ತಿಳಿಯದೆ ಮಿತಿಮೀರಿ ತುಂಬಿಕೊಳ್ಳುವ ಅಪಾಯವಿದೆ. ಆರ್‌ಒ ನೀರಿಗೆ ಸ್ವಲ್ಪ ಸಾದಾ ನೀರು ಬೆರೆಸುವುದು ಒಳ್ಳೆಯ ದಾರಿ. ಉದಾಹರಣೆಗೆ, ಸಾದಾ ನೀರಿನ ಗಡಸುತನ 400 ಆಗಿದ್ದರೆ, ಅದರ ಒಂದು ಪಾಲಿಗೆ ಐದು ಪಾಲು ಆರ್‌ಒ ನೀರು ಸೇರಿಸಿದಾಗ ಸುಮಾರು 70ಕ್ಕೆ ಇಳಿಯುತ್ತದೆ. ಕಾಫಿಗೂ ಯಂತ್ರಕ್ಕೂ ಇದು ಹೊಂದುವ ಅಳತೆ.

ಹಂತ 3: ಬಾಸ್ಕೆಟ್ ಮತ್ತು ಪೋರ್ಟಾಫಿಲ್ಟರ್ ನೆನೆಹಾಕಿ

ಬಾಸ್ಕೆಟ್ಟನ್ನು ಪೋರ್ಟಾಫಿಲ್ಟರಿನಿಂದ ಕಳಚಿ. ಒಂದು ಲೀಟರ್ ಬಿಸಿನೀರಿಗೆ ಒಂದು ಟೀ ಚಮಚ ಕ್ಲೀನರ್ ಪುಡಿ ಹಾಕಿ, ಸ್ಟೀಲಿನ ಬಾಸ್ಕೆಟ್ಟನ್ನು ಪೂರ್ತಿಯಾಗಿಯೂ ಪೋರ್ಟಾಫಿಲ್ಟರಿನ ಲೋಹದ ತಲೆಯನ್ನು ಮಾತ್ರವೂ 15ರಿಂದ 20 ನಿಮಿಷ ಮುಳುಗಿಸಿಡಿ. ಹಿಡಿಕೆ ಮರದ್ದಾಗಿರಲಿ ಪ್ಲಾಸ್ಟಿಕ್ಕಿನದಾಗಿರಲಿ, ದ್ರಾವಣಕ್ಕೆ ತಾಗಬಾರದು. ರಾತ್ರಿಯಿಡೀ ನೆನೆಹಾಕಿದರೆ ಇನ್ನೂ ಚೆನ್ನಾಗಿ ಆಗುತ್ತದೆ ಎಂಬ ಉತ್ಸಾಹ ಬೇಡ. ಹಿತ್ತಾಳೆಯ ಮೇಲಿನ ಕ್ರೋಮ್ ಲೇಪ ಎದ್ದುಬರಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಕಡಿಮೆ ಬೆಲೆಯ ಹಲವು ಯಂತ್ರಗಳ ಪೋರ್ಟಾಫಿಲ್ಟರ್ ಅಲ್ಯೂಮಿನಿಯಂನದು, ಮತ್ತು ಅಲ್ಯೂಮಿನಿಯಂ ಕ್ಷಾರದಲ್ಲಿ ನೆಂದರೆ ಕಪ್ಪಾಗಿ, ಮುಟ್ಟಿದರೆ ಮಸಿ ಬಿಡುವಂತಾಗುತ್ತದೆ. ಆ ಬಣ್ಣ ಮತ್ತೆ ಹೋಗುವುದಿಲ್ಲ. ಕೈಯಲ್ಲಿ ಹಿಡಿದಾಗ ಹಗುರವೆನಿಸಿದರೆ ಅನುಮಾನಿಸಿ, ಬಿಸಿನೀರು ಮತ್ತು ಬ್ರಷ್ಷಿನಿಂದಷ್ಟೇ ತೊಳೆಯಿರಿ.

ಎರಡು ಪದರದ, ತಳದಲ್ಲಿ ಒಂದೇ ಸಣ್ಣ ತೂತಿರುವ ಬಾಸ್ಕೆಟ್ಟಿನಲ್ಲಿ ಪದರಗಳ ನಡುವೆ ಪುಡಿ ಸಿಕ್ಕಿಕೊಳ್ಳುತ್ತದೆ. ನೆನೆದ ಮೇಲೆ ಆ ತೂತಿಗೆ ಪಿನ್ನು ತೂರಿ, ನಲ್ಲಿಯ ಕೆಳಗೆ ತಲೆಕೆಳಗಾಗಿ ಹಿಡಿಯಿರಿ. ಇಂತಹ ಬಾಸ್ಕೆಟ್ಟಿಗೆ ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿಪುಡಿ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಿಮೆಯೇನಲ್ಲ. ಚಿಕೋರಿಯ ಅಂಟು ಪದರಗಳ ನಡುವೆ ಒಣಗಿ ಗಟ್ಟಿಯಾದರೆ ಯಾವ ಪುಡಿಯಿಂದಲೂ ಸುಲಭವಾಗಿ ಬಿಡುವುದಿಲ್ಲ. ಚಿಕೋರಿಯ ಪುಡಿಗೆ ಸ್ಟೀಲಿನ ಫಿಲ್ಟರೇ ಸರಿ.

ಹಂತ 4: ಕ್ಲೀನರ್ ಹಾಕಿ ಬ್ಯಾಕ್‌ಫ್ಲಶ್ ಮಾಡಿ

ಇದು ಮೂರು ದಾರಿಯ ವಾಲ್ವ್ ಇರುವ ಯಂತ್ರಗಳಿಗೆ ಮಾತ್ರ. ಯಂತ್ರ ಪೂರ್ತಿ ಬಿಸಿಯಾಗಿರಬೇಕು.

ಬ್ಲೈಂಡ್ ಬಾಸ್ಕೆಟ್ಟಿಗೆ ಸುಮಾರು 3 ಗ್ರಾಂ, ಅಂದರೆ ಅರ್ಧ ಟೀ ಚಮಚ ಪುಡಿ ಹಾಕಿ ಪೋರ್ಟಾಫಿಲ್ಟರನ್ನು ಬಿಗಿಯಾಗಿ ಲಾಕ್ ಮಾಡಿ. ಪಂಪನ್ನು 10 ಸೆಕೆಂಡ್ ಓಡಿಸಿ. ಒತ್ತಡ ಏರಿದಂತೆ ಅದರ ಸದ್ದು ದಪ್ಪವಾಗುತ್ತದೆ. ಆರಿಸಿದಾಗ ಬಾಸ್ಕೆಟ್ಟಿನ ನೀರು ಹಿಮ್ಮುಖವಾಗಿ ವಾಲ್ವಿನ ಮೂಲಕ ಹರಿದು ಡ್ರಿಪ್ ಟ್ರೇಗೆ ಕಂದು ನೊರೆಯಾಗಿ ಬೀಳುತ್ತದೆ. 10 ಸೆಕೆಂಡ್ ಬಿಟ್ಟು ಮತ್ತೆ ಓಡಿಸಿ. ಹೀಗೆ ಐದು ಸಲ ಸಾಕು. ಪೋರ್ಟಾಫಿಲ್ಟರ್ ಕಳಚಿ ತೊಳೆದು, ಈ ಬಾರಿ ಪುಡಿಯಿಲ್ಲದೆ ಅದನ್ನೇ ಆವರ್ತಿಸಿ, ಬೀಳುವ ನೀರು ತಿಳಿಯಾಗಿ, ಬೆರಳಿಗೆ ಜಾರುವಿಕೆ ತಾಗದಂತಾಗುವ ತನಕ.

ಓಡಿಸುತ್ತಿರುವಾಗ ಅಂಚಿನಿಂದ ನೀರು ಚಿಮ್ಮಿದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ ಅಥವಾ ಅದರ ಮೇಲೆ ಪುಡಿ ಕೂತಿದೆ. ಆರಿಸಿದಾಗ ಡ್ರಿಪ್ ಟ್ರೇಗೆ ಏನೂ ಬೀಳದಿದ್ದರೆ ವಾಲ್ವ್ ಕಟ್ಟಿದೆ, ಒತ್ತಡ ಒಳಗೇ ನಿಂತಿದೆ. ತಕ್ಷಣ ಪೋರ್ಟಾಫಿಲ್ಟರ್ ಬಿಚ್ಚದೆ, ಯಂತ್ರ ತಣ್ಣಗಾಗುವ ತನಕ ಕಾದು ನಿಧಾನವಾಗಿ ತಿರುಗಿಸಿ.

ದಿನಕ್ಕೆರಡು ಲೋಟ ಕಾಫಿಯ ಮನೆಗೆ ಪುಡಿ ಹಾಕಿದ ಬ್ಯಾಕ್‌ಫ್ಲಶ್ ಎರಡು ಮೂರು ವಾರಕ್ಕೊಮ್ಮೆ ಸಾಕು. ಲಿವರ್ ಇರುವ ಇ61 ಎಂಬ ಬಗೆಯ ಗ್ರೂಪ್ ಹೆಡ್ಡಿನಲ್ಲಿ ಈ ಪುಡಿ ಒಳಗಿನ ಗ್ರೀಸನ್ನೂ ತೊಳೆದುಬಿಡುವುದರಿಂದ ತಿಂಗಳಿಗೊಮ್ಮೆಗಿಂತ ಹೆಚ್ಚು ಬೇಡ.

ಹಂತ 5: ಶವರ್ ಸ್ಕ್ರೀನ್ ಬಿಚ್ಚಿ

ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ತಣ್ಣಗಾಗಲು ಬಿಡಿ. ಗ್ರೂಪ್ ಹೆಡ್ಡಿನ ನಡುವಿನ ತಿರುಪನ್ನು ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಸ್ಕ್ರೀನಿನ ಯಾವ ಮುಖ ಕೆಳಗಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ. ತಿರುಪು ಗಟ್ಟಿಯಾಗಿ ಕೂತಿದ್ದರೆ ಬಲ ಹಾಕಿ ಅದರ ತಲೆಯನ್ನು ಸವೆಸಬೇಡಿ. ಕ್ಲೀನರ್ ಬೆರೆಸಿದ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿಟ್ಟರೆ ಒಣಗಿದ ಎಣ್ಣೆ ಸಡಿಲವಾಗುತ್ತದೆ. ಕೆಲವು ಮಾದರಿಗಳಲ್ಲಿ ತಿರುಪಿನ ಹಿಂದೆ ಸಣ್ಣ ಸ್ಪ್ರಿಂಗ್ ಇರುತ್ತದೆ, ಕೆಳಗೆ ಬಟ್ಟೆ ಹಾಸಿಕೊಳ್ಳಿ. ತಿರುಪು ತೆಗೆದರೆ ಒಳಗಿನ ವಾಲ್ವೇ ಕಳಚುವ ಮಾದರಿಯಾದರೆ ಸ್ಕ್ರೀನನ್ನು ಈಗ ಬಿಡಿ. ಡಿಸ್ಕೇಲಿಂಗ್ ಮುಗಿದ ಮೇಲೆ ಬಿಚ್ಚಿ ತೊಳೆಯಿರಿ.

ಬಿಚ್ಚಿದ ಸ್ಕ್ರೀನನ್ನು ಮೂರನೆಯ ಹಂತದ ದ್ರಾವಣದಲ್ಲೇ ನೆನೆಹಾಕಬಹುದು. ಗ್ಯಾಸ್ಕೆಟ್ಟಿನ ಸುತ್ತ ಬ್ರಷ್ ಆಡಿಸಿ ಪುಡಿ ತೆಗೆಯಿರಿ. ಗ್ಯಾಸ್ಕೆಟ್ ಉಗುರಿಗೆ ಸ್ವಲ್ಪವೂ ತಗ್ಗದಷ್ಟು ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸುವ ಕಾಲ ಬಂದಿದೆ.

ಹಂತ 6: ಡಿಸ್ಕೇಲಿಂಗ್

ಟ್ಯಾಂಕಿನಲ್ಲಿ ನೀರು ಮೆದುಗೊಳಿಸುವ ಫಿಲ್ಟರ್ ಅಥವಾ ಚೀಲ ಇದ್ದರೆ ಮೊದಲು ಹೊರತೆಗೆಯಿರಿ. ಆಮ್ಲ ತಾಗಿದ ಮೇಲೆ ಅದು ನಿಷ್ಪ್ರಯೋಜಕ.

ಒಂದು ಲೀಟರ್ ನೀರಿಗೆ 20ರಿಂದ 25 ಗ್ರಾಂ ಸಿಟ್ರಿಕ್ ಆಮ್ಲವನ್ನು ಜಗ್ಗಿನಲ್ಲೇ ಒಂದು ಹರಳೂ ಉಳಿಯದಂತೆ ಕರಗಿಸಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ. ಅಲ್ಯೂಮಿನಿಯಂ ಬಾಯ್ಲರಾದರೆ 15 ಗ್ರಾಂ ಸಾಕು. ಹೆಚ್ಚು ಹಾಕಿದರೆ ಬೇಗ ಆಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಪ್ಪ ಪದರದ ಅಂಚು ಒಮ್ಮೆಲೇ ಸಡಿಲಗೊಂಡು ದೊಡ್ಡ ಚಕ್ಕೆಗಳಾಗಿ ಕಳಚಿದರೆ ಅವು ಕಿರಿದಾದ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ತೆಳು ದ್ರಾವಣವನ್ನು ಎರಡು ಸಲ ಹರಿಸುವುದು ಗಟ್ಟಿ ದ್ರಾವಣವನ್ನು ಒಂದು ಸಲ ಹರಿಸುವುದಕ್ಕಿಂತ ಯಾವಾಗಲೂ ಮೇಲು.

ದ್ರಾವಣ ತಣ್ಣಗೆ ಅಥವಾ ಉಗುರುಬೆಚ್ಚಗೆ ಇರಲಿ. ಸಿಟ್ರಿಕ್ ಆಮ್ಲ ಸುಣ್ಣದೊಂದಿಗೆ ಸೇರಿ ಉಂಟಾಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಂತೆ ಕರಗುವುದು ಕಡಿಮೆ. ಕುದಿಯುವ ಬಿಸಿಯಲ್ಲಿ ಅದೇ ಹೊಸ ಪದರವಾಗಿ ಕೂರಬಹುದು. ಆದ್ದರಿಂದ ಆಮ್ಲ ಒಳಗಿರುವಾಗ ಸ್ಟೀಮ್ ಸ್ವಿಚ್ ಒತ್ತಲೇಬಾರದು.

ಯಂತ್ರದಲ್ಲಿ ಡಿಸ್ಕೇಲಿಂಗ್ ಮೋಡ್ ಇದ್ದರೆ ಅದನ್ನೇ ಬಳಸಿ. ಬಿಸಿಯನ್ನೂ ವಿರಾಮವನ್ನೂ ಅದೇ ನೋಡಿಕೊಳ್ಳುತ್ತದೆ. ಆ ಮೋಡ್‌ಗೆ ಹೊಂದಿಸಿ ತಯಾರಕರು ಹೇಳಿದ ದ್ರವವನ್ನೇ ಬಳಸುವುದು ಉತ್ತಮ. ನಡುವೆ ಆರಿಸಬೇಡಿ, ಹಲವು ಯಂತ್ರಗಳು ತೊಳೆಯುವ ಸುತ್ತು ಮುಗಿಯುವ ತನಕ ಕಾಫಿ ಮಾಡಲು ಒಪ್ಪುವುದಿಲ್ಲ.

ಮೋಡ್ ಇಲ್ಲದ ಯಂತ್ರದಲ್ಲಿ ಹೀಗೆ ಮಾಡಿ. ಪ್ಲಗ್ ಹಾಕಿ ಯಂತ್ರ ಚಾಲೂ ಮಾಡಿದ ತಕ್ಷಣ, ಬಿಸಿಯೇರುವ ಮೊದಲೇ, ಬಿಸಿನೀರು ಅಥವಾ ಸ್ಟೀಮ್ ವಾಲ್ವ್ ತೆರೆದು ಪಂಪಿನಿಂದ 150 ಮಿಲಿಲೀಟರ್ ದ್ರಾವಣವನ್ನು ವಾಂಡಿನ (ಆವಿ ಬರುವ ಕೊಳವೆಯ) ಮೂಲಕ ಜಗ್ಗಿಗೆ ಬಿಡಿ. ವಾಲ್ವ್ ಮುಚ್ಚಿ, ಗ್ರೂಪ್ ಹೆಡ್ಡಿನಿಂದ 150 ಮಿಲಿಲೀಟರ್ ಬಿಡಿ. ಯಂತ್ರ ಆರಿಸಿ 10 ನಿಮಿಷ ಕಾಯಿರಿ, ಅಲ್ಯೂಮಿನಿಯಂ ಆದರೆ ಅದಕ್ಕಿಂತ ತುಂಬ ಕಡಿಮೆ ಹೊತ್ತು. ಗಾಜಿಯಾ ಕ್ಲಾಸಿಕ್‌ನ ಬಾಯ್ಲರ್ ಸುಮಾರು 100 ಮಿಲಿಲೀಟರ್, ಸಿಲ್ವಿಯಾದು 300 ಮಿಲಿಲೀಟರ್ ಹಿಡಿಯುತ್ತದೆ. ನಿಮ್ಮ ಬಾಯ್ಲರಿನ ಒಳಗನ್ನೆಲ್ಲ ಹೊಸ ದ್ರಾವಣ ತುಂಬುವಷ್ಟು ಪ್ರತಿ ಸಲ ಹರಿಸಬೇಕೆಂಬುದು ಇಲ್ಲಿನ ಲೆಕ್ಕ. ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿಯುವ ತನಕ ಇದನ್ನು ಆವರ್ತಿಸಿ. ಒಟ್ಟು 30ರಿಂದ 40 ನಿಮಿಷದೊಳಗೆ, ಅಲ್ಯೂಮಿನಿಯಂ ಆದರೆ 15 ನಿಮಿಷದೊಳಗೆ ಮುಗಿಸಿ, ತಕ್ಷಣ ತೊಳೆಯುವ ಹಂತಕ್ಕೆ ಹೋಗಿ. ಮನೆಯ ಯಂತ್ರಗಳ ಪಂಪ್ ನಿರಂತರವಾಗಿ ಓಡಲು ಮಾಡಿದ್ದಲ್ಲ: ಒಮ್ಮೆಗೆ ಒಂದು ನಿಮಿಷ ಮೀರದಿರಲಿ, ಅಷ್ಟೇ ವಿರಾಮ ಕೊಡಿ, ಟ್ಯಾಂಕ್ ಬರಿದಾಗಿ ಪಂಪ್ ಒಣಗಿ ಓಡದಿರಲಿ.

ಹೊರಬರುವ ದ್ರಾವಣವನ್ನು ಬಿಳಿ ಪಾತ್ರೆಯಲ್ಲಿ ಹಿಡಿದು ನೋಡುತ್ತಿರಿ. ಬಿಳಿ ಅಥವಾ ಕಂದು ಕಣಗಳು ಸಹಜ. ನೀಲಿ ಅಥವಾ ಹಸಿರು ಛಾಯೆ ಕಂಡರೆ ಆಮ್ಲ ಸುಣ್ಣವನ್ನು ಬಿಟ್ಟು ತಾಮ್ರ ಅಥವಾ ಹಿತ್ತಾಳೆಯನ್ನು ಕರಗಿಸುತ್ತಿದೆ. ಅಲ್ಲಿಗೇ ನಿಲ್ಲಿಸಿ ತೊಳೆಯಲು ತೊಡಗಿ.

ನಡುವೆ ಗ್ರೂಪಿನಿಂದ ಹರಿವು ನಿಂತರೆ ಗಾಬರಿಯಿಂದ ಪಂಪ್ ಒತ್ತುತ್ತಲೇ ಇರಬೇಡಿ. ಆರಿಸಿ, ಸ್ಟೀಮ್ ವಾಲ್ವ್ ನಿಧಾನವಾಗಿ ತೆರೆದು ಒತ್ತಡ ಇಳಿಸಿ, ವಾಂಡಿನಿಂದ ನೀರು ಬರುತ್ತದೆಯೇ ನೋಡಿ. ವಾಂಡಿನಿಂದ ಬಂದು ಗ್ರೂಪಿನಿಂದ ಬಾರದಿದ್ದರೆ ಚಕ್ಕೆ ಗ್ರೂಪಿನ ಕಡೆಯ ವಾಲ್ವಿನಲ್ಲಿ ಸಿಕ್ಕಿದೆ. ಹತ್ತು ನಿಮಿಷ ನೆನೆಯಲು ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಬಹುದು, ಬಗ್ಗದಿದ್ದರೆ ವಾಂಡಿನ ಮೂಲಕವೇ ಸಾಕಷ್ಟು ಸಾದಾ ನೀರು ಹರಿಸಿ ಆಮ್ಲ ತೆಗೆದು ತಂತ್ರಜ್ಞರಿಗೆ ಒಪ್ಪಿಸಿ. ಎರಡೂ ಕಡೆ ಬಾರದೆ ಪಂಪ್ ಹಗುರವಾಗಿ ಗರಗರ ಎನ್ನುತ್ತಿದ್ದರೆ ಅದು ಹೆಚ್ಚಾಗಿ ಗಾಳಿ ಸಿಕ್ಕಿರುವುದು. ವಾಲ್ವ್ ತೆರೆದಿಟ್ಟು, ಟ್ಯಾಂಕ್ ತುಂಬಿ, ಚಿಕ್ಕ ಚಿಕ್ಕ ಅವಧಿಗೆ ಪಂಪ್ ಓಡಿಸಿದರೆ ಸರಿಯಾಗುತ್ತದೆ.

ಹಂತ 7: ಆಮ್ಲವನ್ನು ಪೂರ್ತಿ ತೊಳೆಯಿರಿ

ಟ್ಯಾಂಕನ್ನು ಕೈಯಿಂದ ತೊಳೆದು, ಕನಿಷ್ಠ ಎರಡು ಟ್ಯಾಂಕ್ ಸಾದಾ ನೀರನ್ನು ವಾಂಡ್ ಮತ್ತು ಗ್ರೂಪ್ ಎರಡರಿಂದಲೂ ಬಾರಿ ಬಾರಿಗೆ ಹರಿಸಿ. ಎರಡನೆಯ ಟ್ಯಾಂಕಿನ ಹೊತ್ತಿಗೆ ಯಂತ್ರವನ್ನು ಬಿಸಿಮಾಡಬಹುದು. ರುಚಿ ನೋಡಿ ನಿರ್ಧರಿಸುವುದಕ್ಕಿಂತ ಪಿಎಚ್ ಕಾಗದ ನಂಬಲರ್ಹ: ಟ್ಯಾಂಕಿಗೆ ಹಾಕಿದ ನೀರಿನಲ್ಲಿ ಒಂದು ತುಂಡು, ಹೊರಬಂದ ನೀರಿನಲ್ಲಿ ಇನ್ನೊಂದು ತುಂಡು ಅದ್ದಿ, ಎರಡರ ಬಣ್ಣ ಒಂದೇ ಆಗುವ ತನಕ ತೊಳೆಯಿರಿ. ಅಡುಗೆ ಸೋಡಾ ಹಾಕಿ ನೊರೆ ನೋಡುವ ವಿಧಾನ ಆಮ್ಲ ಸಾಕಷ್ಟು ಉಳಿದಿರುವಾಗ ಮಾತ್ರ ತೋರಿಸುತ್ತದೆ. ಅಲ್ಪಸ್ವಲ್ಪ ಉಳಿದದ್ದು ಅದಕ್ಕೆ ಸಿಗುವುದಿಲ್ಲ. ಆ ಸೋಡಾವನ್ನು ಟ್ಯಾಂಕಿಗೆ ಹಾಕಿ ಹರಿಸುವುದಂತೂ ಬೇಡ.

ಹಂತ 8: ಮರುಜೋಡಿಸಿ, ಬರಿಯ ನೀರಿನ ಬ್ಯಾಕ್‌ಫ್ಲಶ್ ಮಾಡಿ

ಯಂತ್ರವನ್ನು ಮತ್ತೆ ಆರಿಸಿ ತಣಿಸಿ, ಸ್ಕ್ರೀನನ್ನು ಮೊದಲಿದ್ದ ಮುಖಕ್ಕೇ ಕೂರಿಸಿ ತಿರುಪು ಹಾಕಿ, ಅತಿಯಾಗಿ ಬಿಗಿಯಬೇಡಿ. ಮೂರು ದಾರಿಯ ವಾಲ್ವ್ ಇರುವ ಯಂತ್ರದಲ್ಲಿ ಬ್ಲೈಂಡ್ ಬಾಸ್ಕೆಟ್ ಹಾಕಿ ಪುಡಿಯಿಲ್ಲದೆ ಐದಾರು ಸಲ ಬ್ಯಾಕ್‌ಫ್ಲಶ್ ಮಾಡಿ. ವಾಲ್ವಿನಿಂದ ಡ್ರಿಪ್ ಟ್ರೇಗೆ ಹೋಗುವ ಕೊಳವೆಗೆ ನೀರು ಚೆನ್ನಾಗಿ ಹರಿಯುವುದು ಬ್ಯಾಕ್‌ಫ್ಲಶ್ ಮಾಡಿದಾಗಲೇ. ಅಲ್ಲಿ ಸೇರಿದ ಆಮ್ಲವೂ ಚಕ್ಕೆಯೂ ಬೇರೆ ಯಾವ ತೊಳೆತಕ್ಕೂ ಸಿಗುವುದಿಲ್ಲ. ಮೊದಲ ಲೋಟ ಕಾಫಿಯನ್ನು ಚೆಲ್ಲಿಬಿಡಿ.

ಹಂತ 9: ಸ್ಟೀಮ್ ವಾಂಡ್

ಹಾಲು ಕಾಯಿಸಿ ವಾಲ್ವ್ ಮುಚ್ಚಿದಾಗ ವಾಂಡಿನೊಳಗಿನ ಆವಿ ತಣಿದು ಕುಗ್ಗಿ, ತುದಿಯಲ್ಲಿದ್ದ ಹಾಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಒರೆಸಿದ ಮಾತ್ರಕ್ಕೆ ಇದು ಹೋಗದು. ಪ್ರತಿ ಸಲ ಒದ್ದೆ ಬಟ್ಟೆಯಿಂದ ಒರೆಸಿ, ಎರಡು ಸೆಕೆಂಡ್ ಆವಿ ಬಿಡಲೇಬೇಕು. ತುದಿಯ ತೂತು ಕಟ್ಟಿದ್ದರೆ, ಯಂತ್ರ ತಣ್ಣಗಿರುವಾಗ ತುದಿಯನ್ನು ಕಳಚಿ, ಬಿಸಿನೀರಿನಲ್ಲಿ ನೆನೆಸಿ, ಪಿನ್ನಿನಿಂದ ಬಿಡಿಸಿ. ಕ್ಲೀನರ್ ದ್ರಾವಣದಲ್ಲಿ ವಾಂಡ್ ಮುಳುಗಿಸಿಟ್ಟು ಯಂತ್ರ ಆರಿಸಿ ಹೋಗಬೇಡಿ: ಹಾಲಿನಂತೆಯೇ ಅದನ್ನೂ ಬಾಯ್ಲರ್ ಒಳಗೆಳೆದುಕೊಳ್ಳುತ್ತದೆ.

ಪೂರ್ಣ ಸ್ವಯಂಚಾಲಿತ ಯಂತ್ರದವರಿಗೆ

ಬೀಜ ಹಾಕಿ ಗುಂಡಿ ಒತ್ತುವ ಯಂತ್ರಗಳಲ್ಲಿ ಎಣ್ಣೆ ತೆಗೆಯುವ ಮಾತ್ರೆಯೂ ಸುಣ್ಣ ತೆಗೆಯುವ ಮಾತ್ರೆಯೂ ಬೇರೆ ಬೇರೆ, ಹಾಕುವ ಜಾಗವೂ ಬೇರೆ. ಸುಣ್ಣದ್ದು ನೀರಿನ ಟ್ಯಾಂಕಿಗೆ, ಎಣ್ಣೆಯದು ಕೈಪಿಡಿ ಹೇಳುವ ಪುಡಿಯ ಕಿಂಡಿಗೆ. ಇವು ಅದಲುಬದಲಾಗುವುದೇ ಇಲ್ಲಿನ ದೊಡ್ಡ ತಪ್ಪು. ಫಿಲಿಪ್ಸ್, ಡೆಲಾಂಗಿಯಂತಹವುಗಳಲ್ಲಿ ಕಳಚಬಹುದಾದ ಬ್ರೂ ಗ್ರೂಪನ್ನು (ಕಾಫಿ ಇಳಿಸುವ ಭಾಗವನ್ನು) ವಾರಕ್ಕೊಮ್ಮೆ ನಲ್ಲಿಯ ನೀರಿನಲ್ಲಿ ಸೋಪಿಲ್ಲದೆ ತೊಳೆದು, ಒಣಗಿಸಿ ಹಾಕಿ. ಸೋಪು ಅದರ ಗ್ರೀಸನ್ನು ತೆಗೆದುಬಿಡುತ್ತದೆ.

ಎಷ್ಟು ಕಾಲಕ್ಕೊಮ್ಮೆ

ಗಡಸುತನ ಲೀಟರಿಗೆ 60 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಆರು ತಿಂಗಳಿಗೊಮ್ಮೆ, 60ರಿಂದ 120ರ ನಡುವೆ ಇದ್ದರೆ ಮೂರು ತಿಂಗಳಿಗೊಮ್ಮೆ ಡಿಸ್ಕೇಲಿಂಗ್ ಸಾಕಾಗುತ್ತದೆ. 180 ದಾಟಿದರೆ ತಿಂಗಳಿಗೊಮ್ಮೆ ಆಮ್ಲ ಹರಿಸುವುದಕ್ಕಿಂತ ನೀರು ಬದಲಿಸುವುದೇ ಲೇಸು. ಯಂತ್ರದ ಡಿಸ್ಕೇಲಿಂಗ್ ದೀಪ ಸುಣ್ಣವನ್ನು ನೋಡಿ ಹೊತ್ತಿಕೊಳ್ಳುವುದಲ್ಲ. ಹೆಚ್ಚಿನ ಮಾದರಿಗಳಲ್ಲಿ ಅದು ಹರಿದ ನೀರಿನ ಪ್ರಮಾಣವನ್ನು, ನೀವು ನಮೂದಿಸಿದ ಗಡಸುತನದೊಂದಿಗೆ ಸೇರಿಸಿ ಮಾಡುವ ಲೆಕ್ಕ. ಗಡಸುತನವನ್ನು ಸರಿಯಾಗಿ ನಮೂದಿಸದಿದ್ದರೆ ಆ ದೀಪವನ್ನು ನಂಬಿ ಉಪಯೋಗವಿಲ್ಲ.

ಕಡೆಗಣಿಸಬಾರದ ಸೂಚನೆಗಳು

ಬಿಸಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಆವಿ ಬೇಗ ಸೊರಗುವುದು, ಬಾಸ್ಕೆಟ್ ಇಲ್ಲದೆಯೇ ನೀರು ಒಂದೇ ಕಡೆಯಿಂದ ಸಣ್ಣ ಧಾರೆಯಾಗಿ ಬೀಳುವುದು ಇವು ಸುಣ್ಣದ ಲಕ್ಷಣ. ಇವುಗಳಲ್ಲಿ ಕೊನೆಯದು ಸ್ಕ್ರೀನ್ ಕಟ್ಟಿದಾಗಲೂ ಕಾಣುತ್ತದೆ. ಸ್ಕ್ರೀನ್ ಬಿಚ್ಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನೀರು ಸರಿಯಾಗಿ ಬರುತ್ತಿದ್ದು ವಾಸನೆ ಮಾತ್ರ ಕೆಟ್ಟಿದ್ದರೆ ಅದು ಎಣ್ಣೆ, ಡಿಸ್ಕೇಲಿಂಗ್ ಬೇಡ.

ಯಂತ್ರ ಚಾಲೂ ಮಾಡಿದಾಗಲೆಲ್ಲ ಮನೆಯ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತಿದ್ದರೆ, ಮೈಮುಟ್ಟಿದಾಗ ಜುಮ್ಮೆಂದರೆ, ಅಥವಾ ತಳದಿಂದ ನೀರು ಸೋರುತ್ತಿದ್ದರೆ ಕೆಲಸ ಶುಚಿಗೊಳಿಸುವಿಕೆಯ ವ್ಯಾಪ್ತಿ ಮೀರಿದೆ. ಸುಣ್ಣದಡಿಯಲ್ಲಿ ಮಿತಿಮೀರಿ ಕಾದ ಹೀಟಿಂಗ್ ಎಲಿಮೆಂಟಿನ ಕವಚ ಬಿರಿದಿರಬಹುದು, ಒಳಗಿನ ಸೀಲ್ ಹರಿದಿರಬಹುದು. ಪ್ಲಗ್ ಕಿತ್ತು, ಟ್ಯಾಂಕ್ ಬರಿದುಮಾಡಿ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿ, ಯಂತ್ರವನ್ನು ಸರ್ವಿಸ್ ಕೇಂದ್ರಕ್ಕೆ ಕಳುಹಿಸಿ. ಕೊನೆಯ ಡಿಸ್ಕೇಲಿಂಗ್ ಯಾವಾಗ ಆಯಿತು, ಯಾವ ದ್ರಾವಣ ಬಳಸಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಟ್ಯಾಂಕಿಗೆ ಅಂಟಿಸಿದ್ದರೆ ಅಲ್ಲಿನವರ ಕೆಲಸ ಹಗುರವಾಗುತ್ತದೆ.